ಹಸುವಿನ ಪಾಲಿನ ತೌಡು

ಪಾತ್ರೆಯ ಬಾಯಿಗೆ ಹಳೇ ಪಂಚೆಯ ತುಂಡನ್ನು ಬಿಗಿದು ಕಟ್ಟಿ, ಅದರ ಮೇಲೆ ರಾಗಿ ಹಿಟ್ಟು ಸುರಿದು, ಅಂಗೈಯಲ್ಲಿ ಮೆಲ್ಲಗೆ ಉಜ್ಜಿ ಸೋಸುತ್ತಾ ಕೂತಿದ್ದೆ. ಶಾಲೆಯ ಆಯಾ ಹಿತ್ತಲ ಬಾಗಿಲಲ್ಲೇ ನಿಂತು ಕೂಗಿದಳು.

"ಅಕ್ಕಾ, ನಿಮ್ ಮಗ್ಳು ಬೆಂಚ್ ಬುಟ್ಟು ಏಳಾಕಿಲ್ಲ ಅಂತ ಕುಂತವ್ಳೆ ಕಣಕ್ಕಾ. ಒಟ್ಟೆ ಇಡ್ಕಂಡು, ಕಾಲ್ ಕತ್ರಿ ಆಕಂಡು. ಮಿಸ್ಸು ಕರ್ಕಂಡ್ ಬಾ ಅಂದ್ರು."

"ಎರಡಕ್ಕೆ ಬಂದದಂತಾ?"

"ಬಂದದೆ. ಬುಡಾಕಿಲ್ಲ ಅಂತಾಳೆ."

ಅವಳು ಹೊರಕಡೆಗೆ ಹೋಗದೆ ಅವತ್ತಿಗೆ ಐದನೆಯ ದಿನ. ಕೈಗೆ ಮೆತ್ತಿದ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು ಹೊರಟೆ.

ಎಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಯಳಂದೂರಿನಲ್ಲಿ ನಮ್ಮದು ಬಾಡಿಗೆ ಮನೆ. ಮನೆಯವರಿಗೆ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರ ಕೆಲಸ. ಹಿತ್ತಲಲ್ಲಿ ಒಂದು ಕೊಟ್ಟಿಗೆ, ಅದರಲ್ಲಿ ಒಂದು ಹಸು. ಅತ್ತೆಯವರು ಹನೂರಿನ ಕಡೆ ಕಾಡಂಚಿನ ಹಳ್ಳಿಯವರು, ನಮ್ಮ ಜೊತೆಯಲ್ಲೇ ಇದ್ದರು. ಮಗಳಿಗೆ ಆರು ವರ್ಷ, ಆ ವರ್ಷವಷ್ಟೇ ಒಂದನೇ ಕ್ಲಾಸಿಗೆ ಸೇರಿದ್ದಳು. ಶಾಲೆಯ ಕಕ್ಕಸಿನ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲವೆಂದು ಅಲ್ಲಿ ತಡೆದುಕೊಳ್ಳುವುದನ್ನು ಕಲಿತಳು. ತಡೆದದ್ದು ಗಟ್ಟಿಯಾಯಿತು. ಗಟ್ಟಿಯಾದದ್ದು ಒಂದು ದಿನ ನೋಯಿಸಿತು, ಒಂದೆರಡು ತೊಟ್ಟು ರಕ್ತವೂ ಕಂಡಿತು. ಅಲ್ಲಿಂದ ಮುಂದೆ ಮನೆಯ ಕಕ್ಕಸೂ ಬೇಡವಾಯಿತು.

ಪ್ರತಿ ಸಂಜೆ ದೀಪ ಹಚ್ಚಿದಾಗ ಅವಳು ನನ್ನ ಪಕ್ಕದಲ್ಲೇ ಕೈ ಮುಗಿದು ನಿಲ್ಲುತ್ತಿದ್ದಳು. ಏನು ಬೇಡಿಕೊಳ್ಳುತ್ತಾಳೆಂದು ಒಂದು ದಿನ ಕಿವಿಗೊಟ್ಟೆ. "ಮಾದಪ್ಪಾ, ನಂಗೆ ಯಾವತ್ತೂ ಎರಡಕ್ಕೆ ಬರ್ದಂಗ್ ಮಾಡಪ್ಪ" ಅನ್ನುತ್ತಿದ್ದಳು. ಪಕ್ಕದಲ್ಲೇ ನಿಂತು ನಾನು, "ಏಳುಮಲೆ ಒಡೆಯಾ, ನಾಳೆ ಬೆಳಿಗ್ಗೆಯಾದರೂ ಬರಿಸಪ್ಪ" ಅನ್ನುತ್ತಿದ್ದೆ. ಒಂದೇ ಮನೆಯಿಂದ, ಒಂದೇ ದೀಪದ ಮುಂದೆ, ಎರಡು ಅರ್ಜಿ. ಐದು ದಿನದಿಂದ ಮಾದಪ್ಪ ಮಗುವಿನ ಕಡೆಗೇ ಇದ್ದ.

ಅತ್ತೆಯವರು ಸುಮ್ಮನೆ ಕೂರುವವರಲ್ಲ. ಹಿಂದಿನ ದಿನವೇ ಅವರಿಗೆ ಗೊತ್ತಿದ್ದ ಹಳೇ ಉಪಚಾರವನ್ನು ಮಾಡಿ ನೋಡಿದ್ದರು: ವೀಳ್ಯದೆಲೆಯ ತೊಟ್ಟು, ಅದಕ್ಕೆ ಹರಳೆಣ್ಣೆ. ಎಲ್ಲಿಗೆ ಅನ್ನುವುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗುಣವೇನೂ ಆಗಲಿಲ್ಲ. ಆದರೆ ಅಂದಿನಿಂದ ಅತ್ತೆಯವರು ಊಟವಾದ ಮೇಲೆ ಎಲೆ ಅಡಿಕೆ ಹಾಕಿಕೊಳ್ಳಲೆಂದು ಒಂದು ತೊಟ್ಟು ಮುರಿದರೆ ಸಾಕು, ಮಗಳು ಎದ್ದು ಬೀದಿಗೆ ಓಡುತ್ತಿದ್ದಳು.

ಶಾಲೆಯಿಂದ ಮಗುವನ್ನು ಎತ್ತಿಕೊಂಡು ಬಂದವಳೇ, ಅತ್ತೆಯವರನ್ನೂ ಹೊರಡಿಸಿಕೊಂಡು ಕೊಳ್ಳೇಗಾಲದ ಬಸ್ಸು ಹತ್ತಿದೆ. ಅಲ್ಲಿ ಮಕ್ಕಳಿಗೆ ಕೈಗುಣ ಒಳ್ಳೆಯದೆಂದು ಹೆಸರಾಗಿದ್ದ ವಯಸ್ಸಾದ ಡಾಕ್ಟರೊಬ್ಬರಿದ್ದರು. ಪುಣ್ಯಕ್ಕೆ ಅವತ್ತು ಜನ ಕಡಿಮೆ. ಡಾಕ್ಟರು ಹೊಟ್ಟೆ ಒತ್ತಿ ನೋಡಿದರು, ಏನೇನು ಮಾಡಿದ್ದೀರಿ ಎಂದು ಕೇಳಿದರು. ಅತ್ತೆಯವರು ತೊಟ್ಟಿನ ವಿಷಯವನ್ನು ದೊಡ್ಡ ವಿದ್ಯೆಯೆಂಬಂತೆ ವಿವರಿಸಿದರು.

"ಅಜ್ಜಿ, ಇನ್ನೊಂದು ಸಲ ಹಂಗ್ ಮಾಡಿದ್ರೆ ನಿಮ್ ಎಲೆ ಚೀಲ ನಾನೇ ಕಿತ್ತಿಟ್ಕೋತೀನಿ" ಅಂದರು ಡಾಕ್ಟರು. "ಸೋಪಿನ ಚೂರೂ ಬೇಡ, ಎಣ್ಣೆ ತೊಟ್ಟೂ ಬೇಡ. ಮೊದಲೇ ಗಾಯ ಆಗಿದೆ. ಮಗು ಹೆದರ್ಕೊಂಡಿರೋದೇ ಅರ್ಧ ಕಾಯಿಲೆ."

ಅತ್ತೆಯವರು ಎಲೆ ಚೀಲವನ್ನು ಸೊಂಟದಲ್ಲಿ ಇನ್ನಷ್ಟು ಒಳಕ್ಕೆ ಸಿಕ್ಕಿಸಿಕೊಂಡರು.

"ಊಟಕ್ಕೆ ಏನ್ ಕೊಡ್ತೀರಿ?"

"ರಾಗಿ ಇಟ್ಟೇ ಸಾ. ಅದ್ಬುಟ್ರೆ ಸೊಪ್ಪು, ಕಾಳು" ಅಂದರು ಅತ್ತೆ.

ಡಾಕ್ಟರು ಪೆನ್ನು ಕೆಳಗಿಟ್ಟರು. "ಮುದ್ದೆ, ಸೊಪ್ಪು ತಿನ್ನೋ ಮಗೂಗೆ ಹಿಂಗಾಗಬಾರ್ದಲ್ಲಮ್ಮಾ" ಎಂದು ಮಗಳ ಕಡೆಗೆ ತಿರುಗಿದರು. "ಏನ್ ಪುಟ್ಟಿ, ನಿಮ್ಮನೇಲಿ ಎಲ್ಲಾರಿಗಿಂತ ಚೆನ್ನಾಗಿ ಊಟ ಮಾಡೋರು ಯಾರು?"

"ನಮ್ ಅಸು" ಅಂದಳು ಮಗಳು.

"ಹೌದಾ? ಏನ್ ತಿನ್ನುತ್ತೆ ಅದು?"

ದಿನಾ ಸಂಜೆ ಹಸುವಿನ ಬಾನಿಗೆ ಕಲಗಚ್ಚು ಸುರಿಯುವಾಗ ನನ್ನ ಜೊತೆಯಲ್ಲಿರುತ್ತಿದ್ದವಳು ಅವಳೇ. ಬೆರಳು ಮಡಚುತ್ತಾ ಹೇಳುತ್ತಾ ಹೋದಳು. "ಹಿಟ್ಟಿನ್ ತೌಡು. ಅವ್ವ ಬಟ್ಟೇಲಿ ಹಿಡಿದ್ ಮ್ಯಾಲೆ ಉಳೀತದಲ್ಲ, ಅದು. ಅವರೆಕಾಳಿನ್ ಸಿಪ್ಪೆ. ಸೌತೆಕಾಯ್ ಸಿಪ್ಪೆ. ದಂಟಿನ್ ಸೊಪ್ಪಿನ್ ಕಡ್ಡಿ. ಸೀಬೆಹಣ್ಣಿನ್ ಬೀಜದ್ ತಿರುಳು, ಅದ್ ನಂಗ್ ಹಲ್ಲಿಗ್ ಸಿಕ್ಕತ್ತದೆ ಅಂತ ಅವ್ವ ತಗ್ದಾಕ್ತಾಳೆ."

"ನೀನ್ ಏನ್ ತಿಂತೀಯ?"

"ಹಾಲು. ಬನ್ನು. ನುಣ್ಣಗಿರೋ ಮುದ್ದೆ."

ಡಾಕ್ಟರು ಮೀಸೆಯಲ್ಲೇ ನಗುತ್ತಿದ್ದರು. "ಸರಿ. ಹಸೂಗೆ ಹೊಟ್ಟೆ ಹೆಂಗಿದೆ ಅಜ್ಜಿ?"

"ಅದ್ಕೇನ್ ಸಾ! ಸಗಣಿ ಬಾಚಿ ಬಾಚಿ ನನ್ ಸೊಂಟ ಬಿದ್ದೋಯ್ತು" ಅಂದುಬಿಟ್ಟರು ಅತ್ತೆ. ಅಂದ ಮೇಲೆ ಅವರಿಗೇ ಹೊಳೆಯಿತು. ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

ವಸ್ತ್ರಗಾಳಿತದ ಹಿಟ್ಟು ನನ್ನ ಹೆಮ್ಮೆಯಾಗಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಕಟ್ಟಿದ ಮುದ್ದೆಯನ್ನು ಅತ್ತೆಯವರು ಮುರಿದು ಬಾಯಿಗಿಟ್ಟು, "ಇಟ್ಟಾ ಇದು, ಮರಳಾ?" ಎಂದು ಕೇಳಿದ್ದರು. ಅಂದಿನಿಂದ ಜರಡಿ ಸಾಲದೆಂದು ಬಟ್ಟೆಗೆ ಇಳಿದೆ. ಹಸುಗೂಸಿನ ಸರಿಹಿಟ್ಟಿಗೆ ಮಾಡುವುದನ್ನು ಮನೆಮಂದಿಗೆಲ್ಲ ಮಾಡಿದೆ. ಅವರೆಕಾಳಿನ ಸಿಪ್ಪೆ ಹಿತುಕಿದೆ, ದಂಟಿನ ನಾರು ತೆಗೆದೆ, ಸೌತೆಕಾಯಿ ಹೆರೆದೆ. ನಮ್ಮ ಬೀದಿಯಲ್ಲಿ ನನ್ನ ಮುದ್ದೆಯಷ್ಟು ನುಣುಪಾದ ಮುದ್ದೆ ಯಾರ ಮನೆಯಲ್ಲೂ ಇರಲಿಲ್ಲ. ನನ್ನ ಮಗಳಷ್ಟು ಬಿಗಿದುಕೊಂಡು ಕೂತ ಮಗುವೂ ಇರಲಿಲ್ಲ.

ಡಾಕ್ಟರು ಒಂದು ಸಿರಪ್ ಬರೆದುಕೊಟ್ಟು, ಒಂದು ತಿಂಗಳು ಬಿಡದೆ ಹಾಕಿ ಅಂದರು. ಹಾಲು, ಬನ್ನು ಕಡಿಮೆಯಾಗಬೇಕು, ನೀರು ಜಾಸ್ತಿಯಾಗಬೇಕು. ಊಟವಾದ ಮೇಲೆ ಐದು ಹತ್ತು ನಿಮಿಷ ಹಾಗೇ ಕೂರಿಸಬೇಕು, ಬರಲಿ ಬಿಡಲಿ ಬೈಯಬಾರದು, ಪದೇ ಪದೇ ಕೇಳಲೂ ಬಾರದು. ಕಾಲು ಗಟ್ಟಿಯಾಗಿ ಊರಲು ಏನಾದರೂ ಮಾಡಿಕೊಡಬೇಕು. "ಹಸೂದರಲ್ಲಿ ಅರ್ಧ ಮನೆಗೆ ಬರಲಿ. ನಿಧಾನವಾಗಿ, ಒಂದೇ ಸಲಕ್ಕೆ ಬೇಡ. ಮಗು ತಟ್ಟೆಗೊಂದು, ನಿಮ್ಮ ತಟ್ಟೆಗೊಂದು ಮಾಡಬೇಡಿ. ಎಲ್ಲರೂ ಅದನ್ನೇ ತಿನ್ನಿ. ತಿಂಗಳಾದ ಮೇಲೆ ಕರ್ಕೊಂಡ್ ಬನ್ನಿ. ಆಗಲೂ ಹಿಂಗೇ ಇದ್ದರೆ ಮೈಸೂರಿನ ದೊಡ್ಡಾಸ್ಪತ್ರೆಗೆ ಬರ್ದು ಕೊಡ್ತೀನಿ."

ದೊಡ್ಡಾಸ್ಪತ್ರೆ ಅಂದೊಡನೆ ನಾನು ಮಗುವನ್ನು ಮಡಿಲಿಗೆ ಎಳೆದುಕೊಂಡೆ. ಮಗಳು ಮಾತ್ರ ಅಲ್ಲಿಗೆ ಬಸ್ಸಿನಲ್ಲಿ ಹೋಗುವುದೋ ರೈಲಿನಲ್ಲೋ ಎಂದು ವಿಚಾರಿಸಿದಳು.

ವಾಪಸು ಬರುವ ಬಸ್ಸಿನಲ್ಲಿ ನನ್ನ ಚಿಂತೆ ಬೇರೆಯೇ ಇತ್ತು. ಮನೆಯವರು ತೌಡಿನ ಮುದ್ದೆ ತಿನ್ನುತ್ತಾರೆಯೇ? ಅತ್ತೆಯವರು ಒಪ್ಪುತ್ತಾರೆಯೇ? ಡಾಕ್ಟರ ಮಾತೆಂದರೆ ಒಂದು ವಾರ ನಡೆಯುತ್ತದೆ, ಆಮೇಲೆ ಹಳೇ ಪಂಚೆ ತನ್ನ ಜಾಗಕ್ಕೆ ತಾನೇ ಬರುತ್ತದೆ. ನಮ್ಮ ಮನೆಯಲ್ಲಿ ಯಾರೂ ಎದುರು ಮಾತಾಡದಂಥ ಆಜ್ಞೆ ಒಂದೇ. ಬಸ್ಸು ಅಗರ ದಾಟುವಷ್ಟರಲ್ಲಿ ಕಣ್ಣು ಮುಚ್ಚಿ ಹರಕೆ ಹೊತ್ತುಬಿಟ್ಟೆ. ನನ್ನ ಮಗಳು ಏಳು ದಿನ ಒಂದೇ ಸಮನೆ, ಅಳದೆ, ತಾನಾಗಿ ಹೋಗಿಬರುವ ತನಕ ಬಟ್ಟೆಯಲ್ಲಿ ಹಿಡಿದ ಹಿಟ್ಟು ನಮ್ಮ ಒಲೆ ಹತ್ತುವುದಿಲ್ಲ, ದೊಡ್ಡವರಿಗೂ ಚಿಕ್ಕವರಿಗೂ ಒಂದೇ ಪಾತ್ರೆ. ಏಳುಮಲೆಗೆ ಏಳು ದಿನ. ಕಣ್ಣು ಬಿಟ್ಟು ಅತ್ತೆಯವರಿಗೆ ಹೇಳಿದೆ.

"ಥೂ! ಇಂಥದ್ಕೆಲ್ಲಾ ಮಾದಪ್ಪಂಗೆ ಅರಕೆ ಒತ್ಕತ್ತರೇನಮ್ಮಿ? ನಾಚ್ಕೆ ಆಗಾಕಿಲ್ವಾ?"

"ಹೊಟ್ಟೆ ಕೊಟ್ಟೋನೂ ಅವ್ನೇ ಅಲ್ವಾ ಅತ್ತೆ? ಬರೀ ಬಾಯಿ ಕೊಟ್ಟು ಕೈ ತೊಳ್ಕಂಡಿಲ್ವಲ್ಲ."

ಅತ್ತೆಯವರು ಮಾದಪ್ಪನ ಹೆಸರು ಹೇಳಿ ಕೆನ್ನೆ ತಟ್ಟಿಕೊಂಡರು. ಇಳಿಯುವಾಗ, "ಒತ್ತಿದ್ದು ಒತ್ತಾಯ್ತು. ಇನ್ ತಪ್ಪುಸ್ಬಾರ್ದು" ಅಂದರು. ನನಗೆ ಬೇಕಾದ ಪೊಲೀಸು ಸಿಕ್ಕಿತ್ತು.

ಅವತ್ತು ಸಿರಪ್ಪು ಕುಡಿದವಳು ಮಾರನೆಯ ದಿನ ಅತ್ತುಕೊಂಡಾದರೂ ಹೋದಳು. ಮೊದಲ ಗಂಡಾಂತರ ಕಳೆಯಿತೆಂದು ನಾನು ತುಪ್ಪದ ದೀಪ ಹಚ್ಚಿದೆ. ಹಚ್ಚಿದ ಹುಮ್ಮಸ್ಸಿನಲ್ಲೇ ಒಂದು ತಪ್ಪು ಮಾಡಿದೆ. ಡಾಕ್ಟರು ನಿಧಾನ ಅಂದಿದ್ದರು. ನಾನು ಹಸುವಿಗೆಂದು ಡಬ್ಬದಲ್ಲಿ ತುಂಬಿಟ್ಟಿದ್ದ ವಾರದ ತೌಡನ್ನೆಲ್ಲ ಒಮ್ಮೆಗೇ ಹಿಟ್ಟಿಗೆ ಬೆರೆಸಿಬಿಟ್ಟೆ. ಮುದ್ದೆ ಕಟ್ಟಲು ಹೋದರೆ ಕೈಯಲ್ಲೇ ಬಿರಿಯಿತು. ತಟ್ಟೆಗಿಟ್ಟರೆ ಬೆರಣಿಯ ಹಾಗೆ ಚಪ್ಪಟೆಯಾಗಿ ಮಲಗಿತು.

"ಏನಿದು?" ಅಂದರು ಮನೆಯವರು. "ನಾನೇನು ಎತ್ತಾ?"

"ಅರಕೆ ಕಣಪ್ಪ. ಮಾತಾಡ್ಬ್ಯಾಡ, ತಿನ್ನು" ಅಂದರು ಅತ್ತೆ, ತಾವೂ ಒಂದು ತುತ್ತು ಕಷ್ಟಪಟ್ಟು ನುಂಗುತ್ತಾ.

ಎರಡು ದಿನ ಮನೆಯಲ್ಲಿ ಯಾರ ಹೊಟ್ಟೆಯೂ ಸುಮ್ಮನಿರಲಿಲ್ಲ. ಕಚೇರಿಯಲ್ಲಿ ಮನೆಯವರು ಫೈಲು ಹಿಡಿದು ಸಾಹೇಬರ ಮುಂದೆ ನಿಂತಿದ್ದಾಗ ಇವರ ಹೊಟ್ಟೆ ಎಂಥ ಸದ್ದು ಮಾಡಿತೆಂದರೆ, ಸಾಹೇಬರು ಕಿಟಕಿಯತ್ತ ತಿರುಗಿ "ಜೀಪ್ ಬಂತೇನ್ರೀ?" ಎಂದು ಕೇಳಿದರಂತೆ. "ನೋಡ್ತೀನಿ ಸಾರ್" ಎಂದು ಇವರು ಹೊರಗೆ ಓಡಿದರಂತೆ. ಮೂರನೆಯ ದಿನದಿಂದ ಬೀಸಿಸಿಕೊಂಡು ಬಂದ ಹಿಟ್ಟನ್ನು ಬರೀ ದಪ್ಪ ಜರಡಿಯಲ್ಲಿ ಕಲ್ಲುಕಡ್ಡಿ ಹೋಗುವಷ್ಟು ಮಾತ್ರ ಆಡಿಸಿ ಬಳಸಿದೆ. ಮುದ್ದೆ ಮುದ್ದೆಯಾಯಿತು. ಬಣ್ಣ ಸ್ವಲ್ಪ ಕಪ್ಪು, ಮೈ ಸ್ವಲ್ಪ ಒರಟು. ಜೊತೆಗೆ ದಂಟಿನ ಕಡ್ಡಿ ಹಾಕಿದ ಬಸ್ಸಾರು, ಸಿಪ್ಪೆ ಸಮೇತ ಅವರೆಕಾಳು.

ದೊಡ್ಡವರೇನೋ ದಾರಿಗೆ ಬಂದರು. ಯಾರ ಸಲುವಾಗಿ ಇಷ್ಟೆಲ್ಲ ನಡೆದಿತ್ತೋ ಅವಳೇ ಬಾಯಿ ಬಿಗಿದು ಕೂತಳು.

"ಅದು ಅಸೂದು. ನಾನ್ ತಿನ್ನಾಕಿಲ್ಲ."

"ಒಂದೇ ತುತ್ತು ಕಣಮ್ಮ."

"ಅಸೂದ್ ಕಿತ್ಕಂಡ್ರೆ ಪಾಪ ಬತ್ತದೆ. ನೀನೇ ಹೇಳಿದ್ದೆ."

ಹೇಳಿದ್ದು ನಿಜ. ಚಿಕ್ಕವಳಿದ್ದಾಗ ಬಾನಿಗೆ ಕೈ ಹಾಕಿ ಆಡುತ್ತಿದ್ದವಳನ್ನು ಬಿಡಿಸಲು ನಾನೇ ಕಲಿಸಿದ ಮಾತು. ಭಕ್ತಿಯನ್ನು ಹೀಗೆ ನನ್ನ ಮೇಲೆಯೇ ತಿರುಗಿಸುತ್ತಾಳೆಂದು ಯಾರಿಗೆ ಗೊತ್ತಿತ್ತು? ಸಿರಪ್ಪಿನಿಂದ ಒಂದು ದಿನ ಹೋಗುವಳು, ಎರಡು ದಿನ ಇಲ್ಲ. ಹೋದ ದಿನವೂ ನನ್ನ ಕೊರಳು ಹಿಡಿದು ಅಳುವಳು. ಒಂದು ವಾರ ಹೀಗೇ ಕಳೆಯಿತು. ದೊಡ್ಡಾಸ್ಪತ್ರೆಯ ಚೀಟಿ ನನ್ನ ಕಣ್ಣ ಮುಂದೆಯೇ ಕುಣಿಯುತ್ತಿತ್ತು.

ಕೊನೆಗೆ ಬಗೆಹರಿಸಿದವರು ಅತ್ತೆಯವರು. ಒಂದು ಸಂಜೆ ಮಗಳ ಕೈ ಹಿಡಿದು ಕೊಟ್ಟಿಗೆಗೆ ಕರೆದುಕೊಂಡು ಹೋದರು. ನಾನು ಗೋಡೆ ಮರೆಯಲ್ಲಿ ನಿಂತು ಇಣುಕುತ್ತಾ ಕೇಳಿಸಿಕೊಂಡೆ.

"ನಾನ್ ನಿನ್ನಷ್ಟ್ ಇದ್ದಾಗ ನಮ್ಮವ್ವ ಇಟ್ಟು ಜರಡೀನೇ ಇಡೀತಿರ್ನಿಲ್ಲ ಕಣವ್ವ. ಕಲ್ಲಲ್ಲಿ ಬೀಸಿದ್ದೇ ಒಲೆ ಮ್ಯಾಕೆ. ಬೇಲಿ ಸೊಪ್ಪು, ಕಾಡ್ ಅಣ್ಣು ಎಲ್ಲಾ ಸಿಪ್ಪೆ ಜೊತ್ಗೇ. ಒಂದಿನ್ವೂ ಅತ್ತಿಲ್ಲ ನಾನು."

"ಮತ್ತೆ ಅವ್ವ ಯಾಕ್ ಹಿಡೀತಾಳೆ?"

ಅತ್ತೆಯವರು ಹಸುವಿನ ಕೊರಳು ಸವರಿದರು. "ನಾನ್ ಬೈದಿದ್ನಲ್ಲ, ಅದ್ಕೆ. ನಂಗೆ ನಮ್ಮತ್ತೆ ಬೈದಿದ್ರು."

ಅವರು ಅದನ್ನು ನನಗೆ ನೇರವಾಗಿ ಎಂದೂ ಹೇಳಲಿಲ್ಲ. ಗೋಡೆಯ ಮರೆಯಲ್ಲಿ ಸಿಕ್ಕಿದ್ದೇ ಸಾಕೆಂದು ತೆಗೆದಿಟ್ಟುಕೊಂಡೆ.

"ಈಗ ನೋಡು" ಎಂದು ಅತ್ತೆಯವರು ಮುಂದುವರಿಸಿದರು. "ಕೇಳ್ದೆ ತಿಂದ್ರೆ ಪಾಪ. ಕೇಳ್ಕಂಡ್ ತಿಂದ್ರೆ ಏನ್ ಪಾಪ? ಅಣೆ ಮುಟ್ಟಿ ಕೇಳು."

ಮಗಳು ಹಸುವಿನ ಹಣೆ ಮುಟ್ಟಿ, "ಅರ್ಧ ನಂಗೆ, ಅರ್ಧ ನಿಂಗೆ, ಆಯ್ತಾ?" ಅಂದಳು. ನೊಣ ಕೂತಿತ್ತೋ ಏನೋ, ಹಸು ತಲೆಯನ್ನು ಜೋರಾಗಿ ಆಡಿಸಿತು.

"ಒಪ್ಕತ್ತು!" ಅಂದರು ಅತ್ತೆ.

"ಇಲ್ಲ ಅಂತ ಆಡುಸ್ತು" ಅಂದಳು ಮಗಳು.

"ಅಸುಗೋಳ್ ಒಪ್ಕಳದೇ ಅಂಗೆ ಕಣವ್ವ."

ಮಗಳು ಅವತ್ತು ಒರಟು ಮುದ್ದೆ ತಿಂದಳು. ತಿಂದ ಮೇಲೆ ಮುದ್ದೆಯ ಒಂದು ಚೂರನ್ನು ಎತ್ತಿಕೊಂಡು ಹೋಗಿ ಬಾನಿಗೆ ಹಾಕಿ ಬಂದಳು, ಲೆಕ್ಕ ತಪ್ಪಬಾರದೆಂದು. ಸೀಬೆಹಣ್ಣನ್ನೂ ಬೀಜದ ಸಮೇತ ತಿಂದಳು.

ಮನೆಯವರು ಎರಡು ಇಟ್ಟಿಗೆ ತಂದು ಕಕ್ಕಸಿನಲ್ಲಿ ಅವಳ ಪುಟ್ಟ ಪಾದಕ್ಕೆ ಸರಿಯಾಗಿ ಹೂಳಿದರು. ಊಟವಾದ ಮೇಲೆ ಅವಳು ಒಳಗೆ ಕೂರುವುದು, ಅಜ್ಜಿ ಬಾಗಿಲಾಚೆ ಕಥೆ ಹೇಳುವುದು. ಕೂರುವ ಮುಂಚೆ ಅಜ್ಜಿಯ ತಪಾಸಣೆ ನಡೆಯುತ್ತಿತ್ತು. ಎರಡೂ ಕೈ ಬಿಚ್ಚಿ ತೋರಿಸಬೇಕು, ಸೊಂಟದ ಎಲೆ ಚೀಲವನ್ನು ಒಳಗೆ ನಡುಮನೆಯ ಗೂಟಕ್ಕೆ ನೇತುಹಾಕಿ ಬರಬೇಕು. ಎಪ್ಪತ್ತು ವರ್ಷದ ಅತ್ತೆಯವರು ದಿನಾ ಆರು ವರ್ಷದವಳ ಮುಂದೆ ಕೈ ಬಿಚ್ಚಿ ನಿಲ್ಲುವುದನ್ನು ನೋಡಲು ನಾನು ಪಾತ್ರೆ ತೊಳೆಯುವ ಜಾಗವನ್ನೇ ಬದಲಾಯಿಸಿಕೊಂಡೆ. ದೇವರು ಕೊಡುವ ಸಣ್ಣಪುಟ್ಟ ಸುಖವನ್ನು ಬೇಡವೆನ್ನಬಾರದು.

ಇದರ ನಡುವೆ ಇನ್ನೊಂದು ಪವಾಡ ನಡೆಯಿತು. ಮನೆಯವರು ಬೆಳಿಗ್ಗೆ ಪೇಪರು ಹಿಡಿದು ಕಕ್ಕಸಿಗೆ ಹೋದರೆ ಅರ್ಧ ಗಂಟೆ ಹೊರಗೆ ಬರುತ್ತಿರಲಿಲ್ಲ. ಟೆಂಡರು ನೋಟೀಸಿನವರೆಗೆ ಎಲ್ಲವನ್ನೂ ಓದಿ ಮುಗಿಸುತ್ತಿದ್ದರು. ಓದಿನ ಮೇಲಿನ ಪ್ರೀತಿ ಎಂದು ಇಷ್ಟು ವರ್ಷ ನಂಬಿದ್ದೆ. ಒಂದು ದಿನ ಐದೇ ನಿಮಿಷಕ್ಕೆ ಹೊರಗೆ ಬಂದು, ಪೇಪರನ್ನು ತಿರುವಿ ಹಾಕುತ್ತಾ, "ಮೊದಲ್ನೇ ಪುಟಾನೂ ಮುಗೀಲಿಲ್ಲ ಕಣೇ" ಅಂದರು, ಏನೋ ಕಳೆದುಕೊಂಡವರ ಹಾಗೆ.

"ಚಿಕ್ಕೋನಿದ್ದಾಗ ಇವಂದೂ ಇದೇ ಪಾಡು" ಅಂದರು ಅತ್ತೆ, ಎಲ್ಲರಿಗೂ ಕೇಳುವ ಹಾಗೆ. ಮನೆಯವರು ಅಂಗಿ ಹಾಕಿಕೊಂಡು ಬೇಗ ಕಚೇರಿಗೆ ಹೊರಟರು.

ಕೊಟ್ಟಿಗೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಗೆರೆ ಎಳೆಯುತ್ತಿದ್ದೆವು. ಅಳದೆ ಹೋದ ದಿನಕ್ಕೆ ಒಂದು ಗೆರೆ. ಒಮ್ಮೆ ನಾಲ್ಕರ ತನಕ ಬಂದು ತಪ್ಪಿತು. ನೆಂಟರ ಮನೆಯಲ್ಲಿ ಬಿಳೀ ಅನ್ನ, ಹಪ್ಪಳ, ಎರಡು ಬನ್ನು ತಿಂದು ಬಂದ ಫಲ. ಅತ್ತೆಯವರು ಒದ್ದೆ ಬಟ್ಟೆಯಲ್ಲಿ ಗೋಡೆ ಒರೆಸಿದರು. ಮತ್ತೆ ಒಂದರಿಂದ ಶುರು. ಎರಡನೆಯ ಸಲ ಗೆರೆ ಆರಕ್ಕೆ ಬಂದು ನಿಂತಿತು. ಮಾರನೆಯ ದಿನ ಏಳನೆಯದು. ಅದರ ಮಾರನೆಯ ದಿನವೇ ಕೊಳ್ಳೇಗಾಲದ ಡಾಕ್ಟರ ಬಳಿ ಹೋಗಬೇಕು.

ಆ ಏಳನೆಯ ದಿನ ಭಾನುವಾರ. ಬೆಳಿಗ್ಗೆ ಆಗಲಿಲ್ಲ. ತಿಂಡಿ ತಿಂದು ಕೂತಾಗಲೂ ಆಗಲಿಲ್ಲ. ಕೇಳಬಾರದೆಂದು ಡಾಕ್ಟರ ಆಜ್ಞೆ. ಹಾಗಾಗಿ ಯಾರೂ ಕೇಳಲಿಲ್ಲ. ಮನೆಯವರು ಮಾತ್ರ ಹಿತ್ತಲಿನ ನುಗ್ಗೆ ಗಿಡವನ್ನು ನಾಲ್ಕು ಸಲ ಹೋಗಿ ನೋಡಿ ಬಂದರು. ಅತ್ತೆಯವರು ಕಂಬಕ್ಕೆ ಒರಗಿ ಮಾದಪ್ಪನ ಹೆಸರನ್ನು ಬಾಯೊಳಗೇ ಹೇಳುತ್ತಾ, ಮೊಮ್ಮಗಳ ಕಡೆಗೆ ಒಂದು ಕಣ್ಣು ತೆರೆದೇ ಇಟ್ಟಿದ್ದರು. ನಾನು ಮಧ್ಯಾಹ್ನದ ಮುದ್ದೆಗೆ ಎಸರಿಟ್ಟೆ. ಕೈ ಕೆಲಸ ಮಾಡುತ್ತಿತ್ತು, ಕಿವಿಯೆಲ್ಲ ಹಿತ್ತಲಲ್ಲಿ.

ಜಗುಲಿಯಲ್ಲಿ ಬಳಪ ಹಿಡಿದು ಬರೆಯುತ್ತಿದ್ದವಳು ಸ್ಲೇಟು ಕೆಳಗಿಟ್ಟು ಎದ್ದಳು. ಯಾರನ್ನೂ ಕರೆಯಲಿಲ್ಲ. ಚೊಂಬು ತೆಗೆದುಕೊಂಡು ಹಿತ್ತಲಿಗೆ ಹೋದಳು. ಬಾಗಿಲು ಮುಚ್ಚಿದ ಸದ್ದು ಬಂತು. ಎದ್ದು ಹೋಗಲು ಹೊರಟ ಅತ್ತೆಯವರ ಸೆರಗನ್ನು ನಾನು ಹಿಡಿದು ನಿಲ್ಲಿಸಿದೆ.

ಒಳಗಿನಿಂದ ಮೂರರ ಮಗ್ಗಿ ಶುರುವಾಯಿತು. ಮೂರೊಂದ್ಲ ಮೂರು. ಮೂರೆರಡ್ಲ ಆರು. ಮೂರೇಳಕ್ಕೆ ಅವಳು ಯಾವತ್ತೂ ತಡವರಿಸುತ್ತಿದ್ದಳು. ಅವತ್ತೂ ಅಲ್ಲಿಗೆ ಬಂದು ನಿಂತಿತು. ಅಳು ಬರುವ ಹೊತ್ತು ಅದು. ಒಂದು ಗಳಿಗೆ ಏನೂ ಕೇಳಿಸಲಿಲ್ಲ. ಆಮೇಲೆ "ಇಪ್ಪತ್ತೊಂದು" ಎಂದು ಬಂತು, ಅದರ ಹಿಂದೆಯೇ ಮೂರೆಂಟು, ಮೂರೊಂಬತ್ತು ಒಂದರ ಮೇಲೊಂದು ಬಿದ್ದುಕೊಂಡು ಬಂದವು.

"ಅವ್ವಾ! ಆಯ್ತು! ನಾನ್ ಅಳ್ನೇ ಇಲ್ಲ!"

ಬೀದಿಗೆಲ್ಲ ಕೇಳಿಸಿರಬೇಕು. ಅತ್ತೆಯವರು ಮಾದಪ್ಪನ ಬೆಟ್ಟದ ದಿಕ್ಕಿಗೆ ತಿರುಗಿ, "ಮಾದೇವಾ, ನೀನ್ ದೊಡ್ಡೋನು ಕಣಪ್ಪ" ಎಂದು ನೆಲಕ್ಕೆ ಹಣೆ ಮುಟ್ಟಿಸಿದರು. ಮನೆಯವರು ಇದ್ದಿಲಿಗಾಗಿ ಒಲೆಯ ಮುಂದೆ ಕೈ ಹಾಕಿ, ಬಿಳೀ ಬನೀನಿಗೆಲ್ಲ ಮಸಿ ಮಾಡಿಕೊಂಡು ಏಳನೆಯ ಗೆರೆ ಎಳೆದರು. ಉಳಿದ ಆರು ಗೆರೆಗಿಂತ ಅದು ಒಂದು ಗೇಣು ಉದ್ದವಿತ್ತು.

ಮಗಳು ಕೈಕಾಲು ತೊಳೆದುಕೊಂಡು ಬಂದು ಗೆರೆಗಳನ್ನು ತಾನೇ ಎಣಿಸಿದಳು. ಎಣಿಸಿದ ಮೇಲೆ ಅವಳಿಗೇನೋ ನೆನಪಾಯಿತು. ಮುಖ ಸಣ್ಣದಾಯಿತು.

"ಅವ್ವ, ನಾನ್ ಮಾದಪ್ಪನ್ನ ಯಾವತ್ತೂ ಬರ್ದಂಗ್ ಮಾಡು ಅಂತ ಕೇಳ್ಕಂಡಿದ್ನಲ್ಲ. ಇವತ್ತು ದೀಪ ಹಚ್ದಾಗ ಅದ್ ಬ್ಯಾಡ ಅಂತ ಹೇಳ್ಬೇಕು. ಮರ್ತಿದ್ದೋನು ಈಗ ನೆನಪಾಗಿ ಮಾಡ್ಬುಟ್ರೆ?"

"ಹೇಳಣ" ಅಂದೆ. "ನಾನೂ ಜೊತೆಗೆ ಹೇಳ್ತೀನಿ." ಇನ್ನು ನಮ್ಮಿಬ್ಬರದೂ ಒಂದೇ ಅರ್ಜಿ.

ಅತ್ತೆಯವರು ಎಲೆ ಚೀಲವನ್ನು ಗೂಟದಿಂದ ಇಳಿಸಿಕೊಂಡು ಬಂದು ಕೂತರು. ಒಂದು ತೊಟ್ಟು ಮುರಿದರು. ಮಗಳು ಓಡಲಿಲ್ಲ, ಎರಡು ಹೆಜ್ಜೆ ಹಿಂದೆ ಸರಿದು ನಿಂತಳು, ಅಷ್ಟೇ.

"ಅರಕೆ ತೀರ್ತಲ್ಲಾ" ಅಂದರು ಅತ್ತೆ ನನ್ನ ಕಡೆ ನೋಡದೆ, ಎಲೆಗೆ ಸುಣ್ಣ ಹಚ್ಚುತ್ತಾ. "ನಾಳಿಂದ ತಿರ್ಗಾ ಬಟ್ಟೇಲಿ ಇಡೀತೀಯೇನಮ್ಮಿ ಇಟ್ಟ?"

"ಬಟ್ಟೆ ಎಲ್ಲದೆ ಅತ್ತೆ?"

ಒಳಗಿನಿಂದ ಎಸರು ಉಕ್ಕಿ ಒಲೆಗೆ ಸುರಿಯುವ ಸದ್ದು ಬಂತು. ಓಡಿದೆ. ಆ ಪಂಚೆಯ ತುಂಡು ಆಗಲೇ ಎರಡು ವಾರದಿಂದ ಒಲೆಯ ಪಕ್ಕ ಬಿದ್ದಿತ್ತು, ಮಸಿಬಟ್ಟೆಯಾಗಿ. ಅದನ್ನೇ ಮಡಚಿ ಬಿಸಿ ಪಾತ್ರೆಯ ಕಂಠ ಹಿಡಿದು, ಉರಿಯಿಂದ ಈಚೆಗೆ ಸರಿಸಿ, ಒರಟು ಹಿಟ್ಟು ಸುರಿದು, ಕೋಲು ಇಳಿಸಿ ಮುದ್ದೆ ತಿರುವಲು ಕೂತೆ.